ಕಲ್ಲು ಎತ್ತಿದ ಹುಡುಗನಿಗೆ ಕಡಗ ಸಾಕೇ?

ನಮ್ಮ ಬೆಳಗಾವಿ, ಖಾನಾಪುರ ಕಡೆ ಜಾತ್ರೆ ಅಂದರೆ ಕುಸ್ತಿ ಬೇಕು, ಸಂಗ್ರಾಣಿ ಕಲ್ಲು ಎತ್ತುವ ಪಂದ್ಯ ಬೇಕು. ಕಲ್ಲು ಹೆಗಲಿಗೇರಿದ ಕೂಡಲೇ ಹಲಗೆ ಬಡಿಯುತ್ತದೆ, ಹಿರಿಯರು ಪಟಕಾ ಸುತ್ತಿ ಬೆಳ್ಳಿ ಕಡಗ ತೊಡಿಸುತ್ತಾರೆ. ನಾವೂ ಫೋಟೊ ತೆಗೆದು ಸುದ್ದಿ ಕಳಿಸುತ್ತೇವೆ. ಮರುದಿನ ಆ ಹುಡುಗ ಕಬ್ಬು ಹೇರಲು ಹೋಗುತ್ತಾನೆ. ಮತ್ತೆ ಅವನನ್ನು ವಿಚಾರಿಸಲು ನಾವು ಹೋಗುವುದಿಲ್ಲ. ಈ ತಪ್ಪು ನಮ್ಮದೂ ಹೌದು.

ಈಗ ಇಂಥ ಹುಡುಗರು ಬೆಳಗಾವಿಯ ಜಿಮ್‌ಗಳಿಗೆ ಬಸ್ ಹತ್ತುತ್ತಿದ್ದಾರೆ. ‘ಪವರ್‌ಲಿಫ್ಟಿಂಗ್ ಮಾಡ್ತೀನ್ರಿ, ನೌಕರಿ ಸಿಗತೈತಿ’ ಅನ್ನುತ್ತಾರೆ. ಅವರ ಅಪ್ಪ-ಅವ್ವ ಒಂದು ವಿಷಯ ತಿಳಿದಿರಬೇಕು. ಪವರ್‌ಲಿಫ್ಟಿಂಗ್ ಬೇರೆ, ವೇಟ್‌ಲಿಫ್ಟಿಂಗ್ ಬೇರೆ. ಭಾರ ಹೊತ್ತು ಕುಳಿತು ಏಳುವುದು, ಮಲಗಿ ಎತ್ತುವುದು, ನೆಲದಿಂದ ತೊಡೆಮಟ್ಟ ಎತ್ತುವುದು ಪವರ್‌ಲಿಫ್ಟಿಂಗ್. ತಲೆಯ ಮೇಲೆ ಎತ್ತಿ ನಿಲ್ಲಿಸುವುದು ವೇಟ್‌ಲಿಫ್ಟಿಂಗ್. ಒಲಿಂಪಿಕ್ಸ್‌ನಲ್ಲಿ ಇರುವುದು ಎರಡನೆಯದು ಮಾತ್ರ. ಮಲಗಿ ಎತ್ತುವ ಪವರ್‌ಲಿಫ್ಟಿಂಗ್ ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಬೆಂಗಳೂರಿನ ಫರ್ಮಾನ್ ಬಾಷಾ ಅದರಲ್ಲೇ ಅರ್ಜುನ ಪ್ರಶಸ್ತಿ ಪಡೆದರು.

ವಿದೇಶದಲ್ಲಿ ಬಲ ತೋರಿಸುವುದೇ ಕಸುಬು. 1977ರಿಂದ ‘ವರ್ಲ್ಡ್ಸ್ ಸ್ಟ್ರಾಂಗೆಸ್ಟ್ ಮ್ಯಾನ್’ ಪಂದ್ಯ ನಡೆದಿದೆ. 2016ರಲ್ಲಿ ಇಂಗ್ಲೆಂಡಿನ ಎಡ್ಡಿ ಹಾಲ್ 500 ಕೆ.ಜಿ. ಎತ್ತಿದರು, ಮೂಗಿನಿಂದ ರಕ್ತ ಬಂತು, ಪ್ರಜ್ಞೆ ತಪ್ಪಿತು. ಅಲ್ಲಿ ಟಿ.ವಿ., ಪ್ರಾಯೋಜಕರು ಇದ್ದಾರೆ. ನಮ್ಮ ಹುಡುಗನ ಸೊಂಟ ಹಿಡಿದರೆ ಯಾರಿದ್ದಾರೆ?

ದಾರಿ ಇಲ್ಲವೆಂದಲ್ಲ. ಕುಂದಾಪುರ ಬಳಿಯ ವಂಡ್ಸೆಯ ಗುರುರಾಜ ಪೂಜಾರಿ ವಾಹನ ಚಾಲಕರ ಮಗ. ಮೊದಲು ಕುಸ್ತಿಯ ಹುಚ್ಚು. ಉಜಿರೆಯ ಕಾಲೇಜಿನಲ್ಲಿ ವೇಟ್‌ಲಿಫ್ಟಿಂಗ್ ಹಿಡಿದರು, ವಾಯುಪಡೆಯ ನೌಕರಿ ಸಿಕ್ಕಿತು. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 249 ಕೆ.ಜಿ. ಎತ್ತಿ ಬೆಳ್ಳಿ, 2022ರಲ್ಲಿ 269 ಕೆ.ಜಿ. ಎತ್ತಿ ಕಂಚು ತಂದರು. ನಮ್ಮದೇ ತುರಮುರಿಯ ರೈತನ ಮಗಳು ಮಲಪ್ರಭಾ ಜಾಧವ ಬೆಳಗಾವಿಯಲ್ಲಿ ಜೂಡೋ ಕಲಿತು 2018ರ ಏಷ್ಯನ್ ಗೇಮ್ಸ್‌ನ ಕುರಾಶ್‌ನಲ್ಲಿ ಕಂಚು ಗೆದ್ದರು. ಇಬ್ಬರಿಗೂ ಬಲದ ಜೊತೆ ಕಲಿಸುವವರು ಹತ್ತಿರದಲ್ಲೇ ಸಿಕ್ಕರು.

ಹಾಗಾಗಿ ನಾವು ಕೇಳುವುದು ಇಷ್ಟೇ. ಖಾನಾಪುರಕ್ಕೆ ಒಂದು ಸರಿಯಾದ ಬಾರ್‌ಬೆಲ್ ಸೆಟ್ಟು, ಒಬ್ಬ ತರಬೇತುದಾರ ಕೊಡಿ. ಜಾತ್ರಾ ಕಮಿಟಿಯವರು ಬಹುಮಾನದ ಹಣದಲ್ಲಿ ಸ್ವಲ್ಪ ತೆಗೆದಿಟ್ಟು ಗೆದ್ದ ಹುಡುಗನನ್ನು ಆ ತರಬೇತಿಗೆ ಕಳಿಸಲಿ. ಹುಡುಗರೇ, ಫೀ ಕಟ್ಟುವ ಮುನ್ನ ಆ ಸಂಸ್ಥೆಯ ಸರ್ಟಿಫಿಕೇಟು ನೌಕರಿಗೆ ನಡೆಯುತ್ತದೆಯೇ ಎಂದು ಕ್ರೀಡಾ ಇಲಾಖೆಯಲ್ಲಿ ಕೇಳಿರಿ. ಹೆಸರಿಲ್ಲದ ಡಬ್ಬಿಯ ಪುಡಿ, ಇಂಜೆಕ್ಷನ್ ಮುಟ್ಟಬೇಡಿರಿ.

ಮುಂದಿನ ಜಾತ್ರೆಯಲ್ಲಿ ನಾವು ಫೋಟೊ ತೆಗೆಯುತ್ತೇವೆ. ಜೊತೆಗೆ ಹೋದ ವರ್ಷ ಗೆದ್ದವನು ಈಗ ಏನು ಮಾಡುತ್ತಿದ್ದಾನೆ ಎಂಬುದನ್ನೂ ಬರೆಯುತ್ತೇವೆ.