ಆಷಾಢದ ಸೋಡಿಯೂ ಮದುವೆಮನೆಯ ಸರಕೂ

ಆಷಾಢದಲ್ಲಿ ಲಗ್ನಗಳಿಲ್ಲ, ಆದುದರಿಂದ ಅಂಗಡಿಗಳಲ್ಲಿ ಗಿರಾಕಿಗಳೂ ಕಡಮೆ. ಜವಳಿ ಅಂಗಡಿಗಳ ಮುಂದೆ ಸೋಡಿಯ ಫಲಕಗಳು ಏಳುವುದು ಈ ಕಾರಣದಿಂದಲೇ. ಶ್ರಾವಣದಲ್ಲಿಯೋ ಕಾರ್ತಿಕ ಮಾಘಗಳಲ್ಲಿಯೋ ಮನೆಯಲ್ಲಿ ಮದುವೆ ಮುಂಜಿಗಳನ್ನು ನಿಶ್ಚಯಿಸಿಕೊಂಡಿರುವ ಗೃಹಸ್ಥರು ಈ ತಿಂಗಳಲ್ಲಿ ಬೇಕಾದುದನ್ನು ಕೊಂಡಿಟ್ಟುಕೊಳ್ಳುವುದು ಜಾಣತನವೇ ಸರಿ. ಉಡುಗೊರೆಯ ಸೀರೆಗಳು, ತಾಂಬೂಲದೊಡನೆ ಕೊಡುವ ರವಿಕೆ ಕಣಗಳು, ಉಕ್ಕಿನ ಬಟ್ಟಲು ಡಬ್ಬಿಗಳು ಇವೇ ಮೊದಲಾದುವನ್ನು ಇನ್ನೂರು ಮುನ್ನೂರರ ಲೆಕ್ಕದಲ್ಲಿ ಕೊಂಡರೆ ಉಳಿಯುವ ಹಣ ಅಲ್ಪವೇನಲ್ಲ. ಆದರೆ ಇಂತಹ ವ್ಯಾಪಾರದಲ್ಲಿ ಹಣ ಕೊಟ್ಟ ದಿನಕ್ಕೂ ಗಂಟು ಬಿಚ್ಚುವ ದಿನಕ್ಕೂ ನಡುವೆ ನಾಲ್ಕಾರು ತಿಂಗಳು ಕಳೆದುಹೋಗುವುದುಂಟು. ವರ್ತಕನಿಗೂ ಗಿರಾಕಿಗೂ ಹುಟ್ಟುವ ವ್ಯಾಜ್ಯಗಳಲ್ಲಿ ಬಹುಪಾಲಿನ ಬೇರು ಇರುವುದು ಆ ನಡುಗಾಲದಲ್ಲಿಯೇ.

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಮಗಳ ಮದುವೆಯನ್ನು ಕಾರ್ತಿಕಕ್ಕೆ ಗೊತ್ತುಮಾಡಿದ ಗೃಹಸ್ಥನೊಬ್ಬನು ಪಾತ್ರೆಯ ಅಂಗಡಿಗೆ ಹೋಗಿ, ಕಪಾಟಿನಲ್ಲಿದ್ದ ಬಟ್ಟಲೊಂದನ್ನು ಮೆಚ್ಚಿ, ಅಂತಹವೇ ಮುನ್ನೂರು ಬೇಕೆನ್ನುತ್ತಾನೆ. ಇನ್ನೂರಕ್ಕೆ ಮೇಲ್ಪಟ್ಟು ಕೊಂಡವರಿಗೆ ನೂರಕ್ಕೆ ಮೂವತ್ತು ಸೋಡಿ. ಹಣ ಸಲ್ಲುತ್ತದೆ, ವಾರದೊಳಗೆ ರಟ್ಟಿನ ಪೆಟ್ಟಿಗೆಗಳು ಮನೆಗೆ ಬಂದು ಅಟ್ಟವನ್ನೇರುತ್ತವೆ. ಅವು ಕೆಳಗಿಳಿಯುವುದು ನಾಂದಿಯ ಹಿಂದಿನ ದಿನ. ಬಿಚ್ಚಿ ನೋಡಿದರೆ ಬಟ್ಟಲು ತೆಳುವು. ಕೆಲವುಗಳ ಅಂಚಿನ ಮಾಟವೇ ಬೇರೆ. ನಮೂನೆಯ ಬಟ್ಟಲು 110 ಗ್ರಾಂ ತೂಗುತ್ತಿದ್ದು ಬಂದವು 90 ಗ್ರಾಂ ತೂಗಿದರೆ, ಮುನ್ನೂರು ಬಟ್ಟಲುಗಳಲ್ಲಿ 6 ಕಿಲೋ ಉಕ್ಕು ಕಡಮೆಯಾಯಿತು. ದರದಲ್ಲಿ ಇಳಿಸಿದುದನ್ನು ತೂಕದಲ್ಲಿ ಹಿಂದಕ್ಕೆ ಪಡೆದಂತಾಯಿತಲ್ಲವೆ! ಅಂಗಡಿಗೆ ಓಡಿದರೆ ದೊರೆಯುವ ಉತ್ತರವೂ ಎಲ್ಲರೂ ಬಲ್ಲದ್ದೇ: “ನಾಲ್ಕು ತಿಂಗಳ ಹಿಂದೆ ಒಯ್ದಿರಿ ಸ್ವಾಮಿ. ಮಾರಿದ ಸರಕನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ಬಿಲ್ಲಿನಲ್ಲಿಯೇ ಅಚ್ಚಾಗಿದೆ, ನೋಡಿಕೊಳ್ಳಿ.”

ಈ ಉತ್ತರದಲ್ಲಿ ಎರಡು ಮಾತುಗಳಿವೆ. ಎರಡನೆಯದಕ್ಕೆ ಗೃಹಸ್ಥನು ಅಂಜಬೇಕಾಗಿಲ್ಲ; ಮೊದಲನೆಯದಕ್ಕೆ ಅಂಜಲೇಬೇಕು.

ಅಚ್ಚಾದ ವಾಕ್ಯದ ವಿಷಯ ಮೊದಲು. ನ್ಯೂನವುಳ್ಳ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನು ಹೇಳಿಲ್ಲದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣವನ್ನು ಮರಳಿಸಲು ನಿರಾಕರಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ. ಬಿಲ್ಲು ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಸೋಡಿಯಲ್ಲಿ ಕೊಂಡವನಿಗೆ ಈ ಹಕ್ಕಿಲ್ಲವೆಂದು ಕಾಯಿದೆ ಎಲ್ಲಿಯೂ ಹೇಳಿಲ್ಲ.

ಇನ್ನು ಕಾಲದ ಮಾತು. 1930ರ ಸರಕು ಮಾರಾಟದ ಕಾಯಿದೆಯು ಇಂದಿಗೂ ನಡೆಯುತ್ತಿರುವ ಶಾಸನ. ನಮೂನೆ ತೋರಿಸಿ ಮಾರಿದ ಸರಕೆಲ್ಲವೂ ಗುಣದಲ್ಲಿ ನಮೂನೆಯಂತೆಯೇ ಇರತಕ್ಕದ್ದೆಂದು ಅದರ 17ನೆಯ ಕಲಮು ವಿಧಿಸುತ್ತದೆ. ಒಪ್ಪಿದ ಸರಕಿನೊಡನೆ ಬೇರೆ ಬಗೆಯದನ್ನು ಬೆರೆಸಿ ಕಳುಹಿಸಿದರೆ, ಸರಿಯಾದುದನ್ನು ಇಟ್ಟುಕೊಂಡು ಉಳಿದುದನ್ನು ನಿರಾಕರಿಸಲೂ ಎಲ್ಲವನ್ನೂ ನಿರಾಕರಿಸಲೂ ಕೊಂಡವನಿಗೆ 37ನೆಯ ಕಲಮಿನಂತೆ ಅಧಿಕಾರವುಂಟು. ಪರೀಕ್ಷಿಸಲು ತಕ್ಕ ಅವಕಾಶ ದೊರೆಯುವವರೆಗೆ ಅವನು ಸರಕನ್ನು ಅಂಗೀಕರಿಸಿದಂತಾಗದು. ಇಷ್ಟರಮಟ್ಟಿಗೆ ಎಲ್ಲವೂ ಗೃಹಸ್ಥನ ಕಡೆಗೇ ಇದೆ. ಆದರೆ ಮುಂದಿನ 42ನೆಯ ಕಲಮನ್ನು ನೋಡಿರಿ: ನಿರಾಕರಣೆಯನ್ನು ತಿಳಿಸದೆ ಯುಕ್ತಕಾಲ ಮೀರುವವರೆಗೆ ಸರಕನ್ನು ಇಟ್ಟುಕೊಂಡವನು ಅದನ್ನು ಅಂಗೀಕರಿಸಿದನೆಂದೇ ಎಣಿಕೆ. ಯುಕ್ತಕಾಲವೆಂದರೆ ಎಷ್ಟು ದಿನವೆಂದು ಕಾಯಿದೆ ಎಣಿಸಿ ಹೇಳಿಲ್ಲ; ಸಂದರ್ಭವನ್ನು ನೋಡಿ ನ್ಯಾಯಸ್ಥಾನವು ನಿರ್ಣಯಿಸಬೇಕು. ನಾಲ್ಕು ತಿಂಗಳು ಅಟ್ಟದ ಮೇಲಿದ್ದ ಬಟ್ಟಲಿಗೆ ಯುಕ್ತಕಾಲ ಮೀರಿಲ್ಲವೆಂದು ವಾದಿಸುವುದು ಬಹು ಕಷ್ಟ. ಆ ಬಳಿಕವೂ ಬೆಲೆಯಲ್ಲಿ ಕಡಿತವನ್ನೋ ನಷ್ಟವನ್ನೋ ಕೇಳುವ ದಾರಿ ಉಳಿದಿರುತ್ತದೆ. ಸರಕನ್ನೇ ಹಿಂದಿರುಗಿಸುವ ದಾರಿ ಮಾತ್ರ ಮುಚ್ಚಿಹೋಗುತ್ತದೆ.

ಆದಕಾರಣ ಪೆಟ್ಟಿಗೆಗಳು ಬಂದ ದಿನವೇ, ಹೆಚ್ಚೆಂದರೆ ಮರುದಿನ, ಅವುಗಳನ್ನು ಬಿಚ್ಚಿ ಎಣಿಸತಕ್ಕದ್ದು. ಮುತ್ತೈದೆಯರಿಗೆ ಕೊಡುವ ವಸ್ತುವನ್ನು ಮೊದಲೇ ಬಿಚ್ಚಬಾರದೆಂದು ಕೆಲವು ಹಿರಿಯರು ಹೇಳುವುದುಂಟು. ಅವರಲ್ಲಿ ಗೌರವವಿಟ್ಟುಕೊಂಡೇ ಬಿಚ್ಚಬೇಕು. ಕೊಳ್ಳುವಾಗಲೇ ನಮೂನೆಯದೊಂದನ್ನು ಹಣ ಕೊಟ್ಟು ಮನೆಗೆ ತಂದು, ಅದರ ತೂಕವನ್ನು ಬಿಲ್ಲಿನಲ್ಲಿ ಬರೆಯಿಸಿ ಅಂಗಡಿಯವನ ರುಜು ಪಡೆದಿರುವುದು ಎಲ್ಲಕ್ಕಿಂತ ಮೇಲು. ಸೀರೆಯಾದರೆ ಅಂಚಿನ ತುಂಡೊಂದನ್ನು ಕೇಳಬಹುದು. ಕೊಡದಿದ್ದರೆ ಚಿತ್ರ ತೆಗೆದುಕೊಳ್ಳಬಹುದು. ನ್ಯೂನ ಕಂಡ ಕೂಡಲೇ ಬರವಣಿಗೆಯಲ್ಲಿ ತಿಳಿಸಿರಿ, ಬಾಯಿಮಾತಿಗೆ ಸಾಕ್ಷಿಯಿಲ್ಲ. ನಿರಾಕರಿಸಿದ ಸರಕನ್ನು ಹೊತ್ತುಕೊಂಡು ಅಂಗಡಿಗೆ ಹೋಗುವ ಹೊಣೆ, ಬೇರೆ ಕರಾರಿಲ್ಲದಿದ್ದರೆ, ಕೊಂಡವನದಲ್ಲ. ಒಲ್ಲೆನೆಂದು ತಿಳಿಸಿದರೆ ಸಾಕೆಂದು 43ನೆಯ ಕಲಮು ಹೇಳುತ್ತದೆ. ಇದನ್ನು ಬಲ್ಲ ಅಂಗಡಿಕಾರರು ವಿರಳ, ಗಿರಾಕಿಗಳಂತೂ ಇನ್ನೂ ವಿರಳ.

ಕೆಲವೆಡೆ ವ್ಯಾಜ್ಯವು ಇದಕ್ಕೂ ಮೊದಲೇ ಹುಟ್ಟುತ್ತದೆ. ಫಲಕದಲ್ಲಿ ಕಂಡ ದರಕ್ಕೆ ಕೇಳಿದರೆ, “ಅದು ಮುಗಿಯಿತು, ಇದನ್ನು ನೋಡಿ” ಎನ್ನುತ್ತಾರೆ. ಸಾಮಾನ್ಯವಾಗಿ ಜಾಹೀರಾತು ಗಿರಾಕಿಗೆ ಬರಿಯ ಆಹ್ವಾನ. ಅದರಿಂದಲೇ ಕರಾರು ಆಗದು. ಮಾತು ಖಚಿತವಾಗಿದ್ದಾಗ ಹಾಗಲ್ಲವೆಂಬುದಕ್ಕೆ ಅಮೆರಿಕದ ಮಿನಿಯಾಪೊಲಿಸ್ ನಗರದ ಮೊಕದ್ದಮೆಯೊಂದು ಪ್ರಸಿದ್ಧವಾಗಿದೆ. 1956ರಲ್ಲಿ ಅಲ್ಲಿನ ಅಂಗಡಿಯೊಂದು, ಮೊದಲು ಬಂದವರಿಗೆ ತುಪ್ಪುಳಿನ ಉಡುಪು ಒಂದು ಡಾಲರಿಗೆ ಎಂದು ಪತ್ರಿಕೆಯಲ್ಲಿ ಪ್ರಕಟಿಸಿತು. ಎರಡು ವಾರವೂ ಮೊದಲು ಬಂದು ನಿಂತವನು ಒಬ್ಬನೇ ಗಂಡಸು; ಈ ದರ ಹೆಂಗಸರಿಗೆ ಮಾತ್ರವೆಂದು ಅಂಗಡಿ ನಿರಾಕರಿಸಿತು. ಜಾಹೀರಾತಿನಲ್ಲಿಲ್ಲದ ನಿಯಮವನ್ನು ಅವನು ಒಪ್ಪಿ ಬಂದ ಮೇಲೆ ಹೇರಲಾಗದೆಂದು ಮಿನೆಸೋಟ ಸಂಸ್ಥಾನದ ಸರ್ವೋಚ್ಚ ನ್ಯಾಯಸ್ಥಾನವು 1957ರಲ್ಲಿ ತೀರ್ಮಾನಿಸಿತು. 139.50 ಡಾಲರ್ ಬೆಲೆಯೆಂದು ಪ್ರಕಟವಾಗಿದ್ದ ಮೇಲುಹೊದಿಕೆಗೆ, ಒಂದು ಡಾಲರನ್ನು ಕಳೆದು 138.50 ಡಾಲರ್ ಅವನಿಗೆ ಸಂದಿತು. ನಮ್ಮಲ್ಲಿಯಾದರೋ ಇದಕ್ಕೆ ನೇರವಾದ ವಿಧಿಯೇ ಇದೆ: ಆ ದರಕ್ಕೆ, ಯುಕ್ತವಾದ ಪ್ರಮಾಣದಲ್ಲಿ ಮಾರುವ ಉದ್ದೇಶವಿಲ್ಲದೆ ಅಗ್ಗದ ದರವನ್ನು ಪ್ರಕಟಿಸುವುದೂ 2019ರ ಕಾಯಿದೆಯಂತೆ ಅನುಚಿತ ಪದ್ಧತಿ. ಇಂತಹ ಗಾಳದ ಜಾಹೀರಾತುಗಳ ಬಗ್ಗೆ 2022ರಲ್ಲಿ ಪ್ರತ್ಯೇಕ ಮಾರ್ಗಸೂಚಿಗಳೂ ಹೊರಟಿವೆ. ಫಲಕದ ಚಿತ್ರವೊಂದು ಕೈಯಲ್ಲಿರಲಿ.

ಮಿಕ್ಕ ಸರಕಿನ ಮಾತು ಬೇರೆ. ನೆಂಟರು ಕಡಮೆ ಬಂದು ಐವತ್ತು ಬಟ್ಟಲು ಉಳಿದರೆ, ಅವನ್ನು ಹಿಂದಕ್ಕೆ ತೆಗೆದುಕೊಳ್ಳುವ ಹೊಣೆ ವರ್ತಕನಿಗಿಲ್ಲ. ಅವನು ದಾಕ್ಷಿಣ್ಯಕ್ಕೆ ಒಪ್ಪಿದರೆ ಅದು ಅವನ ಸೌಜನ್ಯ. ಮೊದಲೇ ಬರೆದುಕೊಟ್ಟಿದ್ದರೆ ಮಾತ್ರ ಕೇಳಬಹುದು. ಆದರೆ ಬೇರೆ ಬಗೆಯವೆಂದು ನೂರಹತ್ತು ಬಟ್ಟಲು ಹಿಂದಿರುಗಿಸಿದಾಗ, “ಈಗ ನಿಮ್ಮದು ಇನ್ನೂರಕ್ಕೆ ಕಡಮೆಯಾಯಿತು, ಸೋಡಿ ಸಲ್ಲದು” ಎಂದು ಲೆಕ್ಕ ತಿರುಗಿಸುವುದುಂಟು. ಇದು ಶುದ್ಧ ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಮುನ್ನೂರಕ್ಕೆ ಕರಾರು ಮಾಡಿದವನು ಮಾತು ತಪ್ಪಿಲ್ಲ. ತಪ್ಪಿದವನು ತನ್ನ ತಪ್ಪಿನಿಂದಲೇ ಲಾಭ ಪಡೆಯುವುದೆಂದರೇನು?

ದೂರು ಕೊಡಲು ಹೊರಟವನಿಗೆ ಎದುರಾಗುವ ಇನ್ನೊಂದು ಆಕ್ಷೇಪ, “ಮುನ್ನೂರು ಕೊಂಡವನು ವ್ಯಾಪಾರಿಯೇ ಹೊರತು ಗ್ರಾಹಕನಲ್ಲ” ಎಂಬುದು. ಮರುಮಾರಾಟಕ್ಕೋ ವಾಣಿಜ್ಯದ ಉದ್ದೇಶಕ್ಕೋ ಕೊಂಡವನು ಈ ಕಾಯಿದೆಯ ಗ್ರಾಹಕನಲ್ಲವೆಂಬುದು ನಿಜ. ಆದರೆ ಸಂಖ್ಯೆಯೇ ಪ್ರಮಾಣವಲ್ಲ, ಕೊಂಡ ಮುಖ್ಯ ಉದ್ದೇಶವನ್ನು ನೋಡಬೇಕು. ಮುಂಬಯಿಯಲ್ಲಿ ದಾದಿಯರ ವಸತಿಗೆಂದು ಹಲವು ಮನೆಗಳನ್ನು ಕೊಂಡಿದ್ದ ಆಸ್ಪತ್ರೆಯ ಟ್ರಸ್ಟೊಂದನ್ನು ಸುಪ್ರೀಂ ಕೋರ್ಟು 2019ರಲ್ಲಿ ಗ್ರಾಹಕನೆಂದೇ ಎಣಿಸಿತು. ಮದುವೆಯ ಬಟ್ಟಲಿಗೆ ಅಡ್ಡಿಯೇನು? ಸ್ವಂತ ಅಂಗಡಿಯುಳ್ಳವರು ತೆರಿಗೆಯಲ್ಲಿ ನಾಲ್ಕು ಕಾಸು ಉಳಿಯಲೆಂದು ಮದುವೆಯ ಸಾಮಾನಿಗೆ ಅಂಗಡಿಯ ಹೆಸರಿನಲ್ಲಿ ಬಿಲ್ಲು ಮಾಡಿಸುವುದುಂಟು. ಎದುರಾಳಿಗೆ ತಾವೇ ಆಯುಧವನ್ನು ಕೊಟ್ಟಂತೆ ಅದು.

1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಮೊದಲು ತಿಳಿಸಬಹುದು. ಎಷ್ಟೋ ಸಣ್ಣ ತಕರಾರುಗಳು ಅಲ್ಲಿಯೇ ಮುಗಿಯುತ್ತವೆ. ಮುಗಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವಿಲ್ಲ. ವಕೀಲರನ್ನು ನೇಮಿಸಲೇಬೇಕೆಂಬ ನಿರ್ಬಂಧವೂ ಇಲ್ಲ. ದೂರಿಗೆ ಕಾರಣವೊದಗಿದ ದಿನದಿಂದ ಎರಡು ವರ್ಷಗಳ ಅವಧಿಯುಂಟು. ಸೀರೆಯನ್ನು ಕಂಚಿಯಲ್ಲಿ ಕೊಂಡಿದ್ದರೂ ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರನ್ನು ಸಲ್ಲಿಸಬಹುದು. ಬಿಲ್ಲು, ಬರೆದು ತಿಳಿಸಿದ ಪತ್ರದ ಪ್ರತಿ, ರುಜುವಾದ ನಮೂನೆ, ಬಂದ ಸರಕಿನಲ್ಲೊಂದು, ಇಷ್ಟನ್ನು ಒಂದೇ ಚೀಲದಲ್ಲಿ ಕಟ್ಟಿ ಮದುವೆಯ ಗಲಾಟೆಯಿಂದ ದೂರವಾಗಿ ಇಟ್ಟಿರತಕ್ಕದ್ದು.