ಗೆಸ್ಟ್ ರೂಮಿನ ಕೀಲಿ ತಗೀರಿ

ಈಗ ನಮ್ಮ ಹುಬ್ಬಳ್ಳಿ-ಧಾರವಾಡದಾಗ ಹೊಸಾ ಮನಿ ಕಟ್ಟಿಸಿದವ್ರು ದೇವರಮನಿ, ಅಡಿಗಿಮನಿ ತೋರಿಸಿದ ಮ್ಯಾಲೆ ಒಂದು ಬಾಗಲಾ ತಗದು "ಇದು ಗೆಸ್ಟ್ ರೂಮ್ ರೀ" ಅಂತಾರ. ದೊಡ್ಡ ಕಾಟು, ಪ್ಲಾಸ್ಟಿಕ್ ತಗೀಲಾರದ ಗಾದಿ, ಕಿಡಕಿಗೆ ದಪ್ಪ ಪಡದಾ. ಎಲ್ಲಾರೂ ಛಂದ ಐತಿ ಅಂತೀವಿ. ಅಲ್ಲಿಂದ ಆ ಖೋಲಿಗೆ ಕೀಲಿ ಬಿತ್ತಂದ್ರ ದೀಪಾವಳಿಗೆ ಧೂಳ ಹೊಡಿಯಾಕಷ್ಟ ತಗಿಯೂದು. ನಡುವ ಮಂದಿ ಬರಲಿಲ್ಲೇನು? ಬಂದ್ರು. ಹಾಲ್‌ನ್ಯಾಗ ಟಿವಿ ಮುಂದ ಮಲಗಿ ಎದ್ದು ಹೋದ್ರು.

ನಾ ಹೇಳೂದು ಕಟುವಾದ್ರೂ ಕೇಳ್ರಿ. ಇದು ಗೆಸ್ಟ್ ರೂಮ್ ಅಲ್ಲ, ಶೋ ರೂಮ್. ಬಂದವರೊಳಗ ಯಾರು ದೊಡ್ಡವ್ರು, ಯಾರು ಸಣ್ಣವ್ರು ಅಂತ ಅಳಿಯೂ ಮಾಪು.

ಲೆಕ್ಕಾ ಹಾಕಿ ನೋಡ್ರಿ. ಬೆಂಗಳೂರಿನ ಅಳಿಯ ಬಂದ್ರ ಖೋಲಿ ತಗೀತೈತಿ. ಯಜಮಾನರ ಸಾಹೇಬ್ರು ಬಂದ್ರ ತಗೀತೈತಿ. ಹಳ್ಳಿಯಿಂದ ಕಿಮ್ಸ್ ದವಾಖಾನಿಗೆ ತೋರಿಸಾಕ ಬಂದ ಚಿಗವ್ವಗ? "ಹಾಲ್‌ನ್ಯಾಗ ಗಾಳಿ ಛಲೋ ಬರತೈತಿ, ಅಲ್ಲೇ ಹಾಸ್ತೀನಿ ಬಿಡವಾ." ಇನ್ನೊಂದು ಲೆಕ್ಕಾ: ಗಂಡನ ಕಡೆಯವ್ರಿಗೆ ಕಾಟು, ನಮ್ಮ ತವರಮನಿಯವ್ರಿಗೆ ಚಾಪಿ. ಇದನ್ನ ಗಂಡಸರು ಮಾಡತಾರ ಅಂತ ತಿಳೀಬ್ಯಾಡ್ರಿ. ಹಾಸಿಗಿ ಹಾಸೂ ಕೈ ನಮ್ಮದ.

ಅತಿಥಿ ಅಂದ್ರ ತಿಥಿ ಇಲ್ಲದ ಬರೂವಂಥವರು ಅಂತ ಹಿರಿಯರು ಪದಾ ಬಿಡಿಸಿ ಹೇಳತಿದ್ರು. ಈಗ ಅಳಿಯನ ಟಿಕೇಟು ತಿಂಗಳ ಮೊದಲ ಬುಕ್ ಆಗಿರತೈತಿ. ತಿಥಿ ಇಲ್ಲದ ಬರಾಕಿ ಅಂದ್ರ ರಾತ್ರಿ ಬಸ್ಸಿಗೆ ಎದಿನೋವಿನ ಗಂಡನ್ನ ಕರಕೊಂಡು ಬಂದ ಅದೇ ಚಿಗವ್ವ. ನಿಜವಾದ ಅತಿಥಿಗೇ ಕೀಲಿ ಹಾಕಿದಂಗಾತಲ್ಲ?

"ಮೊದಲಿನ ಮನ್ಯಾಗ ಗೆಸ್ಟ್ ರೂಮ್ ಎಲ್ಲಿತ್ತು, ಎಲ್ಲಾರೂ ಒಟ್ಟಿಗೆ ಮಲಗತಿದ್ವಿ" ಅಂತ ಕೆಲವರು ಹಳೇದನ್ನ ಹಾಡಿ ಹೊಗಳತಾರ. ಖರೇ, ಪಡಸಾಲಿ ದೊಡ್ಡದಿತ್ತು. ಆದ್ರ ಪಡಸಾಲ್ಯಾಗ ಕಾಲು ಚಾಚಿ ಮಲಗತಿದ್ದವ್ರು ಗಂಡಸರು. ಹೆಣಮಕ್ಕಳು ನಡುಮನ್ಯಾಗ, ಕೂಸುಗಳ ನಡುವ, ಎಲ್ಲಾರೂ ಉಂಡ ಮ್ಯಾಲೆ ಸಿಕ್ಕ ಜಾಗಾದಾಗ. ಸೀರಿ ಬದಲಿ ಮಾಡೂದು ಕತ್ತಲಿ ಮೂಲ್ಯಾಗ, ಇಲ್ಲಾ ಬಚ್ಚಲದ ಹಸಿ ನೆಲದ ಮ್ಯಾಲೆ. ಅದಕ್ಕ ಒಳಗಿಂದ ಚಿಲಕಾ ಹಾಕೊಳ್ಳಾಕ ಬರೂ ಒಂದು ಖೋಲಿ ಹೆಣಮಗಳಿಗೆ ದೊಡ್ಡ ಮಾತು. ಈಗ ಆ ಖೋಲಿ ಕಟ್ಟೇವಿ. ಕಟ್ಟಿ, ಹೊರಗಿಂದ ಕೀಲಿ ಹಾಕೇವಿ!

"ಚಿಗವ್ವನ ಕಾಟು ಬ್ಯಾಡ, ಕೆಳಗ ಮಲಕೋತೀನಿ ಅಂತಾಳ" ಅನ್ನೂ ನೆವಾ ಐತಲ್ಲ, ಅದರ ಹುರುಳೂ ಹೇಳತೀನಿ. ಒಂದನೇದ್ದು, ಆಕಿ ನಿಮ್ಮ ಮುಖಾ ನೋಡ್ಯಾಳ. ಎರಡನೇದ್ದು, ಆ ಕಾಟು ಆಕಿ ಅಳತಿಗೆ ಇಲ್ಲ. ಕೆಳಗ ಪೆಟಿಗಿ ಇರೂ ಕಾಟಿನ ಮ್ಯಾಲೆ 8 ಇಂಚಿನ ಗಾದಿ ಹಾಕಿದ್ರ ಎತ್ತರ 24 ಇಂಚು ದಾಟತೈತಿ. ಕುಂತ್ರ ಕಾಲು ಜೋತಾಡತಾವ. ಮೊಣಕಾಲು ನೋವಿನವರು ಕುಂತಾಗ ಪಾದಾ ನೆಲಕ್ಕ ಊರಬೇಕು. ಗಾದಿ ಹಿಡದು 18ರಿಂದ 20 ಇಂಚು ಸಾಕು.

ಇನ್ನ ಗಾದಿ ಮ್ಯಾಲಿನ ಪ್ಲಾಸ್ಟಿಕ್. ಅದು ಗಾದಿ ಕಾಯಂಗಿಲ್ಲ. ಬೆವರು, ಹಸಿ ಹೊರಗ ಹೋಗಾಕ ದಾರಿ ಇಲ್ಲದ ವಾಸನಿ ಹಿಡೀತೈತಿ, ಹೊಳ್ಳಿದಾಗೊಮ್ಮೆ ಚರಚರ ಸಪ್ಪಳ ಬ್ಯಾರೆ. ಧಾರವಾಡದ ಮಳಿಗಾಲದಾಗ ಮುಚ್ಚಿದ ಖೋಲಿಗೆ ಬೂಷ್ಟು ಬರೂದು ಯಾರಿಗೆ ಗೊತ್ತಿಲ್ಲ? ದಿನಾ ಒಂದು ತಾಸು ಕಿಡಕಿ ತಗದ್ರ, ಬಿಸಿಲು ಬಿದ್ದ ದಿನಾ ಕೌದಿ ಹೊರಗ ಹಾಕಿದ್ರ ಖೋಲಿ ಉಳೀತೈತಿ. ಮಂದಿ ಉಳದ್ರ ಖೋಲಿ ಕೆಡಂಗಿಲ್ಲ, ಮುಚ್ಚಿದ್ರ ಕೆಡತೈತಿ.

ಬಂದಾಕಿ ಬಾಯಿ ಬಿಟ್ಟು ಕೇಳಲಾರದ್ದನ್ನ ನಾವ ಮೊದಲ ಇಟ್ಟಿರೂದು, ಅದಕ್ಕ ಆದರ ಅನ್ನೂದು. ಚಿಲಕಾ ಗಟ್ಟಿ ಇರಲಿ. ಮೂಲ್ಯಾಗ ಮುಚ್ಚಳದ ಕಸದ ಡಬ್ಬಿ, ಬಾಜೂಕ ಹಳೇ ಪೇಪರ್ ಇರಲಿ; ಮುಟ್ಟಾದ ಹೆಣಮಗಳು ಪ್ಯಾಡ್ ಎಲ್ಲಿ ಒಗೀಲಿ ಅಂತ ಯಾರನ್ನ ಕೇಳಬೇಕು? ಒಳಗಿನ ಅರಬಿ ಒಣ ಹಾಕಾಕ ಒಂದು ಹಗ್ಗಾ, ಸೀರಿ-ಚೀಲಾ ತೂಗ ಹಾಕಾಕ ನಾಲ್ಕು ಗೂಟಾ. ತಲಿ ಕಡೆ ಒಂದು ತಂಬಿಗಿ ನೀರು, ಗುಳಿಗಿ ಇಡಾಕ ಸಣ್ಣ ಟೇಬಲ್, ಮೊಬೈಲ್ ಚಾರ್ಜಿಗೆ ಕೈಗೆ ಸಿಗೂವಂಥ ಪ್ಲಗ್ಗು. ಬಚ್ಚಲದ ದಾರ್ಯಾಗ ಅರ್ಧಾ ವ್ಯಾಟಿನ ರಾತ್ರಿ ದೀಪಾ ಹಚ್ರಿ. ತಿಂಗಳಿಡೀ ರಾತ್ರಿ ಉರದ್ರೂ ಒಂದು ಯುನಿಟ್ ಆಗಂಗಿಲ್ಲ. ಕಮೋಡ್ ಬಾಜೂಕ ಗ್ವಾಡಿಗೆ ಒಂದು ಹಿಡಿಕಿ. ಗೀಸರಿನ ಬಿಸಿನೀರು ಯಾವ ಕಡೆ ತಿರವಿದ್ರ ಬರತೈತಿ ಅಂತ ಒಮ್ಮೆ ತೋರಿಸ್ರಿ. ಎಷ್ಟೋ ಮಂದಿ ಕೇಳಾಕ ನಾಚಿ ತಣ್ಣೀರಾಗ ಜಳಕಾ ಮಾಡಿ ಹೋಗ್ಯಾರ. ಇದೆಲ್ಲಾ ಕೂಡಿಸಿದ್ರೂ ಕಿಡಕಿ ಪಡದಾದ ರೊಕ್ಕಾ ಆಗಂಗಿಲ್ಲ.

ಹಂಗ ಬೆಳಿಗ್ಗೆ 5ಕ್ಕ ಎದ್ದು ಹಾಸಿಗಿ ಸುತ್ತಿಟ್ಟು ಮೆಂತೆ ಸೊಪ್ಪು ಸೋಸಾಕ ಬಂದಾಕಿಗೆ "ಮಲಕೋರಿ ಇನ್ನಷ್ಟು" ಅನ್ರಿ. ಹಾಲ್‌ನ್ಯಾಗ ಮಲಗಿಸಿದ್ರ ಅದು ಹ್ಯಾಂಗ ಸಾಧ್ಯ? ಹಾಲಿನಾಂವ, ಕಸದ ಗಾಡಿ, ಕೆಲಸದಾಕಿ ಎಲ್ಲಾರೂ ಬರೂ ಹಾದಿ ಅದು.

"ಹಳ್ಳಿಯವ್ರು ಖೋಲಿ ಹೊಲಸು ಮಾಡತಾರ" ಅನ್ನಾವ್ರಿಗೆ ಒಂದ ಮಾತು: ಚಾದರ ಒಗದ್ರ ಹೋಗತೈತಿ, ಆಕಿ ಮನಸಿನ್ಯಾಗ ಕುಂತದ್ದು ಹೋಗಂಗಿಲ್ಲ. "ನಮ್ಮದು ಎರಡ ಖೋಲಿ ಮನಿ" ಅನ್ನಾವ್ರು ಅಂಜಬ್ಯಾಡ್ರಿ. ಹುಡುಗರನ್ನ ನಾಕು ದಿನಾ ಹಾಲ್‌ಗೆ ಕಳಸ್ರಿ; ನವಲಗುಂದದ ಜಮಖಾನ ಹಾಸಿಕೊಂಡು ಅವು ಕುಣಕೊಂತ ಮಲಗತಾವ. ಚಿಲಕದ ಖೋಲಿ ಬಂದಾಕಿಗೆ ಕೊಡ್ರಿ.

ಇನ್ನೂ ನುಂಗಲಾರದ ಮಾತೊಂದೈತಿ. ಖೋಲಿ ಖಾಲಿ ಇಟ್ಟು, ಮನ್ಯಾಗಿನ ಅತ್ತಿನ್ನ ವರ್ಷಿಡೀ ಹಾಲ್‌ನ ದಿವಾನದ ಮ್ಯಾಲೆ ಮಲಗಿಸಿದವ್ರೂ ನಮ್ಮೊಳಗ ಅದಾರ. ಮನಿಯಾಕಿಗೇ ಬಾಗಲಾ ಇಲ್ಲದಾಗ ಪಾವಣ್ಯಾರಿಗೆ ಏನ ಆದರ? ಖೋಲಿ ಆಕಿಗೆ ಕೊಡ್ರಿ. ಮಂದಿ ಬಂದಾಗ ಆಕಿನ ಬಾಜೂಕ ಇನ್ನೊಂದು ಹಾಸಿಗಿ ಬೀಳಲಿ, ರಾತ್ರಿ ಹನ್ನೆರಡರ ತನಕಾ ಇಬ್ಬರೂ ಮಾತಾಡಲಿ.

ಈ ರವಿವಾರ ಕೀಲಿ ತಗೀರಿ, ಪ್ಲಾಸ್ಟಿಕ್ ಹರೀರಿ. ಆಮ್ಯಾಲೆ ಒಂದು ರಾತ್ರಿ ನೀವ ಆ ಖೋಲ್ಯಾಗ ಮಲಗಿ ನೋಡ್ರಿ. ನೀರು ಸಿಗತೈತೇನು, ಸ್ವಿಚ್ ಸಿಗತೈತೇನು, ಕತ್ತಲಾಗ ಬಚ್ಚಲಕ್ಕ ಹೋಗಾಕ ಆಗತೈತೇನು? ಸಿಗಲಾರದ್ದನ್ನ ಬರದಿಟ್ಟುಕೊಂಡು ಸೋಮವಾರ ಪ್ಯಾಟಿಗೆ ಹೋಗ್ರಿ.