ಅಟ್ಟದ ಇಲಿ, ಹದಿನಾಲ್ಕನೇ ಮಹಡಿಯ ಬೆಕ್ಕು

‘ಊರಲ್ಲಿ ಅಜ್ಜಿಯ ಬೆಕ್ಕು ಮಜ್ಜಿಗೆ ಅನ್ನ ತಿಂದೇ ಹದಿನೈದು ವರ್ಷ ಬದುಕಿತ್ತು.’ ಮಾಟುಂಗದಿಂದ ಮೀರಾ ರೋಡಿನವರೆಗೆ, ಮುಂಬಯಿಯ ಕನ್ನಡ ಮನೆಗಳಲ್ಲಿ ಬೆಕ್ಕಿನ ಊಟದ ಮಾತು ಬಂದಾಗಲೆಲ್ಲ ಈ ಸಾಕ್ಷಿ ಹಾಜರಾಗುತ್ತದೆ. ಸಾಕ್ಷಿ ಸುಳ್ಳಲ್ಲ, ಅರ್ಧ ಹೇಳುತ್ತದೆ ಅಷ್ಟೆ. ಅಜ್ಜಿ ಹಾಕಿದ ಅನ್ನ ಎಲ್ಲರ ಕಣ್ಣಿಗೂ ಬಿತ್ತು. ಅದೇ ಬೆಕ್ಕು ಅಟ್ಟದಲ್ಲಿ, ಭತ್ತದ ಕಣಜದ ಹಿಂದೆ ಹಿಡಿದು ತಿಂದ ಇಲಿಗಳ ಲೆಕ್ಕವನ್ನು ಯಾರೂ ಇಡಲಿಲ್ಲ. ಅದನ್ನು ಸಾಕಿದ್ದು ಇಲಿ. ಮಜ್ಜಿಗೆ ಅನ್ನ ಬರೀ ಉಪಚಾರ.

ಕಾಂದಿವಲಿಯ ಹದಿನಾಲ್ಕನೇ ಮಹಡಿಯಲ್ಲಿ, ಕಿಟಕಿಗೆ ಜಾಲರಿ ಬಿಗಿದ ಫ್ಲ್ಯಾಟಿನೊಳಗೆ, ಅಟ್ಟವೂ ಇಲ್ಲ, ಇಲಿಯೂ ಇಲ್ಲ. ತಟ್ಟೆಗೆ ಬಿದ್ದದ್ದೇ ಊಟ. ಬೆಕ್ಕಿಗೆ ಟಾರೀನ್ ಎಂಬ ವಸ್ತು ಬೇಕೇ ಬೇಕು. ಅದರ ಮೈ ಅದನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು. ಮಾಂಸ ಮೀನುಗಳಲ್ಲಿ ಸಿಗುತ್ತದೆ, ಅನ್ನ ಬೇಳೆಯಲ್ಲಿ ಇಲ್ಲ. ಅದಿಲ್ಲದೆ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆಂಬುದು 1970ರ ದಶಕದಲ್ಲೇ ಗೊತ್ತಾಗಿತ್ತು. 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಸಂಶೋಧಕರು ಹೃದಯದ ಕಾಯಿಲೆಗೂ ಅದರ ಕೊರತೆಗೂ ಇರುವ ನಂಟನ್ನು ತೋರಿಸಿದರು. ಆಗಿನ ಕಂಪನಿ ಆಹಾರದಲ್ಲೂ ಅದು ಸಾಲುತ್ತಿರಲಿಲ್ಲ, ಆಮೇಲೆ ಹೆಚ್ಚಿಸಿದರು.

ಹಾಲಿನ ಕಥೆ ಭಾಷೆಯೊಳಗೇ ಕೂತಿದೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ಗಾದೆಯಲ್ಲಿದೆ, ಹಾಲು ಕಂಡರೆ ಓಡುವ ಬೆಕ್ಕು ತೆನಾಲಿ ರಾಮಕೃಷ್ಣನ ಕಥೆಯಲ್ಲಿದೆ. ಕಥೆಯ ಬೆಕ್ಕು ಓಡಿದ್ದು ಬಾಯಿ ಸುಟ್ಟುಕೊಂಡದ್ದಕ್ಕೆ. ಆದರೆ ತಾಯಿಯ ಮೊಲೆ ಬಿಟ್ಟ ಮೇಲೆ ಹೆಚ್ಚಿನ ಬೆಕ್ಕುಗಳಿಗೆ ಹಾಲಿನ ಸಕ್ಕರೆ ಸರಿಯಾಗಿ ಅರಗುವುದೇ ಇಲ್ಲ. ಹೊಟ್ಟೆ ಕೆಡುತ್ತದೆ, ಸಾಮಾನ್ಯವಾಗಿ ಸಾಯುವುದಿಲ್ಲ. ಸಿಹಿಯ ರುಚಿಯಂತೂ ಬೆಕ್ಕಿಗೆ ತಿಳಿಯದು. ಆ ವಂಶವಾಹಿ ಅದರಲ್ಲಿ ಕೆಟ್ಟಿದೆ. ಬಿಲ್ಡಿಂಗಿನ ಕೆಳಗೆ ಬಿಸ್ಕತ್ತು ಹಾಕುವವರು ಸಿಹಿ ಹಂಚುತ್ತಿರುವುದು ತಮ್ಮ ಮನಸ್ಸಿಗೇ.

ನಿಜವಾದ ಅಪಾಯ ಇರುವುದು ಒಗ್ಗರಣೆಯಲ್ಲಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಒಣಗಿಸಿ ಪುಡಿ ಮಾಡಿದರೂ ಆ ಗುಣ ಹೋಗುವುದಿಲ್ಲ; ಬೆಳ್ಳುಳ್ಳಿ ಇನ್ನೂ ತೀಕ್ಷ್ಣ. ಬೆಕ್ಕಿನ ತೂಕದ ಕಿಲೋ ಒಂದಕ್ಕೆ ಐದು ಗ್ರಾಂ ಈರುಳ್ಳಿ ಸಾಕು ರಕ್ತದಲ್ಲಿ ಬದಲಾವಣೆ ಕಾಣಲು. ಅಂದರೆ ನಾಲ್ಕು ಕಿಲೋ ಬೆಕ್ಕಿಗೆ ಇಪ್ಪತ್ತು ಗ್ರಾಂ, ಸಣ್ಣದೊಂದು ಈರುಳ್ಳಿಯೂ ಬೇಡ. ಸಾರು ಕಲಸಿದ ಅನ್ನ, ಗಸಿಯಿಂದ ತೆಗೆದ ಮೀನಿನ ತುಂಡು, ಹೋಟೆಲಿನಿಂದ ತಂದ ಚಿಕನ್ ಗ್ರೇವಿ: ದಿನವೂ ಸ್ವಲ್ಪ ಸ್ವಲ್ಪ ಸೇರಿದರೂ ಕೆಡುಕೇ. ಈ ಒಂದು ವಿಷಯದಲ್ಲಿ ಪಕ್ಕದ ಮನೆಯ ಜೈನರ ಅಡುಗೆಯೇ ಮೇಲು. ಹೊಟ್ಟೆ ತುಂಬುವ ವಿಷಯದಲ್ಲಿ ಅಲ್ಲ.

ಹಾಗೆಂದು ಮಾರುಕಟ್ಟೆಯ ಪೊಟ್ಟಣವೊಂದೇ ದಾರಿಯಲ್ಲ, ಅದು ಎಲ್ಲರ ಕೈಗೆಟಕುವುದೂ ಇಲ್ಲ. ಬಂಗುಡೆಗೆ ಮಸಾಲೆ ಹಚ್ಚುವ ಮೊದಲೇ ಒಂದು ತುಂಡು ತೆಗೆದಿಟ್ಟು, ಉಪ್ಪಿಲ್ಲದೆ ಬೇಯಿಸಿ, ಮುಳ್ಳು ಬಿಡಿಸಿ ಕೊಟ್ಟರಾಯಿತು. ಬೇಯಿಸಿದ ನೀರನ್ನೂ ಕೊಡಬೇಕು, ಟಾರೀನ್ ಅದರೊಳಗೆ ಇಳಿದಿರುತ್ತದೆ. ಕೆಲವು ಜಾತಿಯ ಹಸಿ ಮೀನು ದಿನವೂ ತಿಂದರೆ ಬಿ1 ಜೀವಸತ್ವ ನಾಶವಾಗುತ್ತದೆ; ಬೇಯಿಸಿದರೆ ಆ ಭಯವಿಲ್ಲ. ಜೂನ್, ಜುಲೈಯಲ್ಲಿ ಮೀನುಗಾರಿಕೆ ನಿಷೇಧವಿದ್ದಾಗ ಒಣಮೀನು ಕೊಡುವವರಿದ್ದಾರೆ. ಅದರಲ್ಲಿ ಉಪ್ಪು ಜಾಸ್ತಿ. ಆ ದಿನಗಳಿಗೆ ಸಪ್ಪೆಯಾಗಿ ಬೇಯಿಸಿದ ಕೋಳಿ ಇದೆ. ಇವಿಷ್ಟೇ ಪೂರ್ತಿ ಆಹಾರವಾಗಲಾರದು, ನಡುವೆ ಪೊಟ್ಟಣದ್ದೂ ಇರಲಿ. ಮನೆಯೊಳಗೆ ಮೀನು ಮಾಂಸ ತರಲಾರದವರು ಆ ಪೊಟ್ಟಣವನ್ನಾದರೂ ತರಬೇಕು, ಇಲ್ಲವೇ ಬೆಕ್ಕು ಸಾಕುವ ಆಸೆ ಬಿಡಬೇಕು. ತಮ್ಮ ವ್ರತವನ್ನು ಇನ್ನೊಂದು ಜೀವದ ಹೊಟ್ಟೆಗೆ ಹೇರುವುದು ದಯೆಯಲ್ಲ.

ಈರುಳ್ಳಿ ತಿಂದ ಬೆಕ್ಕು ಅಂದೇ ಕಾಯಿಲೆ ಬೀಳಬೇಕೆಂದಿಲ್ಲ. ವಸಡು ಬಿಳಿಚಿ, ಮೂತ್ರ ಕೆಂಪಗಾಗಲು ಕೆಲವು ದಿನ ಹಿಡಿಯಬಹುದು. ಅಷ್ಟರಲ್ಲಿ ಆ ಸಾರು ಮನೆಯವರಿಗೆ ಮರೆತೇ ಹೋಗಿರುತ್ತದೆ. ಏನು ಕೊಟ್ಟಿರಿ ಎಂದು ಡಾಕ್ಟರು ಕೇಳಿದರೆ ಬರುವ ಉತ್ತರ, ‘ಹೊರಗಿನದ್ದು ಏನೂ ಇಲ್ಲ ಡಾಕ್ಟ್ರೇ, ಎಲ್ಲಾ ಮನೆ ಊಟವೇ.’